ಬಣ್ಣದ ಬುಗ್ಗೆಯ ಬಳಿ ಹುಟ್ಟಿದ ಒಂದು ಪ್ರಶ್ನೆ

(ಸರ್ಜಾಪುರದಲ್ಲಿ ನಡೆದ ಸಂಘದ ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳು ಹಾಗೂ ಪೋಷಕರನ್ನು ಉದ್ದೇಶಿಸಿ ಮಾಡಿದ ಭಾಷಣದ ಲಿಖಿತ ರೂಪ)



ಇಂದು ಬಹುಮಾನ ಪಡೆದ ಮಕ್ಕಳೆಲ್ಲ ಮುಂದಿನ ಸಾಲುಗಳಲ್ಲಿ ಕುಳಿತಿದ್ದೀರಿ. ನಿಮಗೆ ಮೊದಲಿಗೆ ನನ್ನ ಅಭಿನಂದನೆಗಳು. ಈ ದಿನಗಳಲ್ಲಿ ನಿಮ್ಮ ಮನೆಗಳಲ್ಲಿ ಒಂದೇ ಚರ್ಚೆ ನಡೆಯುತ್ತಿರುತ್ತದೆ: ಮುಂದೇನು? ನಾವು ಬದುಕುತ್ತಿರುವ ಜಾಗವೂ ಅಂಥದ್ದೇ. ಸರ್ಜಾಪುರ ರಸ್ತೆಯಲ್ಲಿ ಬಸ್ಸು ಹತ್ತಿ ಬೆಂಗಳೂರಿನ ಕಡೆಗೆ ಹೊರಟರೆ ಎಡಕ್ಕೂ ಬಲಕ್ಕೂ ಕಂಪೆನಿಗಳ ಗಾಜಿನ ಕಟ್ಟಡಗಳು. ಹಾಗಾಗಿ ಮಗು ಯಾವ ವಿಷಯದ ಹೆಸರು ಹೇಳಿದರೂ ಮನೆಯಲ್ಲಿ ಬರುವ ಮೊದಲ ಮಾತು, "ಅದನ್ನು ಓದಿದರೆ ಏನು ಪ್ರಯೋಜನ? ಯಾವ ಕಂಪೆನಿ ಕರೆಯುತ್ತದೆ?" ಎಂಬುದೇ. ಇದು ತಪ್ಪು ಪ್ರಶ್ನೆಯಲ್ಲ. ಬಾಡಿಗೆ ಕೊಡಬೇಕಾದ, ತಂಗಿಯ ಫೀಜು ಕಟ್ಟಬೇಕಾದ ಮನೆಯಲ್ಲಿ ಅದು ನ್ಯಾಯವಾದ ಪ್ರಶ್ನೆ. ಆದರೆ ಅದೊಂದನ್ನೇ ಕೇಳುತ್ತಾ ಹೋದರೆ ನಮ್ಮ ಕೈತಪ್ಪಿ ಹೋಗುವುದೇನು? ಇದನ್ನು ಉಪದೇಶದ ಮೂಲಕ ಹೇಳುವ ಬದಲು ನಿಮ್ಮನ್ನು ಒಂದು ಪ್ರವಾಸಕ್ಕೆ ಕರೆದೊಯ್ದು ಹೇಳುತ್ತೇನೆ. ಟಿಕೆಟ್ಟು, ವೀಸಾ ಏನೂ ಬೇಡ. ಸ್ವಲ್ಪ ಕಲ್ಪನೆ ಇದ್ದರೆ ಸಾಕು.

ನಾವು ಹೋಗುತ್ತಿರುವುದು ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ. 1872ರ ಮಾರ್ಚ್ 1ರಂದು ಘೋಷಣೆಯಾದ ಇದು ಜಗತ್ತಿನ ಮೊಟ್ಟಮೊದಲ ರಾಷ್ಟ್ರೀಯ ಉದ್ಯಾನ. ಇದರ ಬಹುಭಾಗ ವಯೋಮಿಂಗ್ ರಾಜ್ಯದಲ್ಲಿದೆ. ವಿಸ್ತೀರ್ಣ ಸುಮಾರು 9,000 ಚದರ ಕಿಲೋಮೀಟರ್. ನೆಲದಿಂದ ಬಿಸಿನೀರು, ಹಬೆ ಅಥವಾ ಕುದಿಯುವ ಕೆಸರು ಹೊರಬರುವ ಹತ್ತು ಸಾವಿರಕ್ಕೂ ಹೆಚ್ಚು ತಾಣಗಳು ಇದರೊಳಗಿವೆ. ಆಗಾಗ ಆಕಾಶಕ್ಕೆ ಚಿಮ್ಮುವ ಬಿಸಿನೀರಿನ ಕಾರಂಜಿಗಳೇ ಐನೂರಕ್ಕೂ ಹೆಚ್ಚಿವೆ. ಅಂಥ ಕಾರಂಜಿಗೆ ಗೀಸರ್ ಎಂದು ಹೆಸರು. ಹೌದು, ನಿಮ್ಮ ಬಚ್ಚಲುಮನೆಯಲ್ಲಿ ತೂಗುಹಾಕಿರುವ ಗೀಸರಿಗೆ ಆ ಹೆಸರು ಬಂದದ್ದು ಇಲ್ಲಿಂದಲೇ. ಐಸ್‌ಲೆಂಡ್ ದೇಶದ ಒಂದು ಬಿಸಿನೀರಿನ ಕಾರಂಜಿಗೆ ಗೀಸಿರ್ ಎಂಬ ಹೆಸರಿತ್ತು. ಅದೇ ಹೆಸರು ಮೊದಲು ಜಗತ್ತಿನ ಎಲ್ಲ ಕಾರಂಜಿಗಳಿಗೆ, ಕೊನೆಗೆ ನಮ್ಮ ಬಚ್ಚಲುಮನೆಯ ಯಂತ್ರಕ್ಕೆ ಅಂಟಿಕೊಂಡಿತು.

ಈಗ ಕಾರನ್ನು ನಿಲ್ಲಿಸಿ. ಎದುರಿಗೆ ಒಂದು ನದಿ, ಅದರ ಮೇಲೊಂದು ಕಾಲುಸೇತುವೆ. ಸೇತುವೆ ದಾಟುವಾಗ ಪಕ್ಕದ ದಿಬ್ಬದಿಂದ ಬಿಸಿನೀರು ಹಬೆಯಾಡುತ್ತಾ ನದಿಗೆ ಸುರಿಯುವುದು ಕಾಣುತ್ತದೆ. ನದಿಯ ಹೆಸರು ಫೈರ್‌ಹೋಲ್. ದಿಬ್ಬ ಹತ್ತಿದ ಮೇಲೆ ನಡೆಯಲು ಇರುವುದು ಮರದ ಹಲಗೆಯ ಹಾದಿ ಮಾತ್ರ. ಅದನ್ನು ಬಿಟ್ಟು ಒಂದು ಹೆಜ್ಜೆಯನ್ನೂ ಇಡುವಂತಿಲ್ಲ. ಏಕೆಂದರೆ ಕಾಲಡಿಯ ಬಿಳಿಯ ನೆಲ ಗಟ್ಟಿಯಾಗಿ ಕಂಡರೂ ಅನೇಕ ಕಡೆ ಹಪ್ಪಳದಂತೆ ತೆಳುವಾದ ಪೊರೆ. ಅದರ ಕೆಳಗೆ ಮೈ ಬೇಯಿಸುವಷ್ಟು ಬಿಸಿಯಾದ ನೀರು. ಆ ಉದ್ಯಾನದಲ್ಲಿ ಬಿಸಿನೀರಿಗೆ ಬಿದ್ದು ಸತ್ತವರ ಸಂಖ್ಯೆ ಇಪ್ಪತ್ತನ್ನು ಮೀರಿದೆ. 2016ರಲ್ಲಿ ಹಾದಿ ಬಿಟ್ಟು ಇಳಿದ ಒಬ್ಬ ಯುವಕ ಹಾಗೆಯೇ ಪ್ರಾಣ ಕಳೆದುಕೊಂಡ. ಆದ್ದರಿಂದ ಮಕ್ಕಳ ಕೈ ಹಿಡಿದುಕೊಳ್ಳಿ, ಟೋಪಿಯನ್ನು ಗಟ್ಟಿಯಾಗಿ ಒತ್ತಿಕೊಳ್ಳಿ. ಗಾಳಿಗೆ ಹಾರಿಹೋದ ಪ್ರವಾಸಿಗರ ಟೋಪಿಗಳು ಎಷ್ಟೋ ಸಲ ಅಲ್ಲೇ, ಯಾರ ಕೈಗೂ ಸಿಗದಂತೆ, ಬಿದ್ದಿರುತ್ತವೆ.

ನಾಲ್ಕು ಹೆಜ್ಜೆ ಮುಂದೆ ಹೋದರೆ ಬಿಳಿಯ ಹಬೆ ನಿಮ್ಮನ್ನು ಸುತ್ತಿಕೊಳ್ಳುತ್ತದೆ. ಗಾಳಿ ಬೀಸಿ ಹಬೆ ಸರಿದಾಗ ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್ ಎಂಬ ಬುಗ್ಗೆ ಕಾಣುತ್ತದೆ. ನಡುವೆ ಕಡುನೀಲಿ, ಅದರ ಸುತ್ತ ಹಸಿರು, ಆಮೇಲೆ ಹಳದಿ, ಆಮೇಲೆ ಕಿತ್ತಳೆ, ಕಟ್ಟಕಡೆಗೆ ಇಟ್ಟಿಗೆಯ ಕೆಂಪು. ಬುಗ್ಗೆಯ ಅಗಲ ಸುಮಾರು 110 ಮೀಟರ್, ಅಂದರೆ ಒಂದು ಫುಟ್‌ಬಾಲ್ ಮೈದಾನದ ಉದ್ದ. ಆಳ ಸುಮಾರು 37 ಮೀಟರ್. ನಮ್ಮ ರಸ್ತೆಯ ಹನ್ನೆರಡು ಅಂತಸ್ತಿನ ಅಪಾರ್ಟ್‌ಮೆಂಟ್ ಅದರೊಳಗೆ ಮುಳುಗಿಬಿಡುತ್ತದೆ. ನಿಮಿಷಕ್ಕೆ ಸುಮಾರು 2,100 ಲೀಟರ್ ಬಿಸಿನೀರು ಹೊರಬರುತ್ತದೆ. ಬೇಸಿಗೆಯಲ್ಲಿ ನಮ್ಮ ಬೀದಿಗೆ ಬರುವ ಆರು ಸಾವಿರ ಲೀಟರಿನ ಟ್ಯಾಂಕರನ್ನು ಮೂರು ನಿಮಿಷದೊಳಗೆ ತುಂಬಿಸುವ ನೀರದು. ಅಮೆರಿಕದಲ್ಲಿ ಇದಕ್ಕಿಂತ ದೊಡ್ಡ ಬಿಸಿನೀರಿನ ಬುಗ್ಗೆ ಇಲ್ಲ. 1871ರಲ್ಲಿ ಸರ್ಕಾರದ ಸಮೀಕ್ಷಾ ತಂಡವೊಂದು ಇಲ್ಲಿಗೆ ಬಂದಾಗ ಅದರೊಂದಿಗೆ ಥಾಮಸ್ ಮೊರಾನ್ ಎಂಬ ಚಿತ್ರಕಾರನೂ ಒಬ್ಬ ಛಾಯಾಗ್ರಾಹಕನೂ ಬಂದಿದ್ದರು. ಅವರು ಒಯ್ದ ಚಿತ್ರಗಳನ್ನು ನೋಡಿದ ಮೇಲೆಯೇ ರಾಜಧಾನಿಯ ಜನಪ್ರತಿನಿಧಿಗಳಿಗೆ ಇಂಥ ಜಾಗ ನಿಜವಾಗಿಯೂ ಇದೆಯೆಂಬ ನಂಬಿಕೆ ಬಂದದ್ದು. ಮರುವರ್ಷವೇ ಆ ಪ್ರದೇಶ ಯಾರ ಖಾಸಗಿ ಸ್ವತ್ತೂ ಆಗದಂತೆ ಸಾರ್ವಜನಿಕ ಉದ್ಯಾನವಾಯಿತು.

ನೆಲದೊಳಗೆ ನೀರು ಕಾಯುವುದು ಹೇಗೆ ಎಂದು ನೀವು ಕೇಳಬೇಕು. ಉತ್ತರಕ್ಕೆ ಅಮೆರಿಕಕ್ಕೆ ಹೋಗಬೇಕಾಗಿಲ್ಲ, ನಮ್ಮ ನೆರೆಯ ಕೋಲಾರ ಚಿನ್ನದ ಗಣಿ ಸಾಕು. 2001ರಲ್ಲಿ ಮುಚ್ಚಿದ ಆ ಗಣಿಯಲ್ಲಿ ದುಡಿದವರ ಮಕ್ಕಳು, ಮೊಮ್ಮಕ್ಕಳು ಬೆಂಗಳೂರಿನ ಸುತ್ತಮುತ್ತ ಬೇಕಾದಷ್ಟಿದ್ದಾರೆ. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದ ಆ ಗಣಿಯ ತಳದಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ದಾಟಿತ್ತು. ಕೆಲಸಗಾರರು ಬದುಕಿ ಕೆಲಸ ಮಾಡಲು ಮೇಲಿನಿಂದ ತಂಪು ಗಾಳಿ ಇಳಿಸಬೇಕಾಗಿತ್ತು. ಭೂಮಿಯ ಒಳಗೆ ಇಳಿದಷ್ಟೂ ಬಿಸಿ ಹೆಚ್ಚುತ್ತದೆ. ಮಳೆನೀರು ಬಿರುಕುಗಳ ಮೂಲಕ ಆಳಕ್ಕೆ ಇಳಿದು, ಕಾದು, ಇನ್ನೊಂದು ಬಿರುಕಿನಿಂದ ಬೇಗ ಮೇಲೆ ಬಂದರೆ ಅದೇ ಬಿಸಿನೀರಿನ ಬುಗ್ಗೆ. ಯೆಲ್ಲೋಸ್ಟೋನಿನ ಕೆಳಗೆ ಜ್ವಾಲಾಮುಖಿಯ ಶಿಲಾಪಾಕವಿದೆ. ಒಲೆ ಹತ್ತಿರದಲ್ಲೇ ಉರಿಯುವುದರಿಂದ ಅಲ್ಲಿ ನೀರು ಕುದಿಯುವಷ್ಟು ಬಿಸಿ. ನೀರು ಮೇಲೆ ಬರುವ ದಾರಿ ಇಕ್ಕಟ್ಟಾಗಿದ್ದರೆ ಒತ್ತಡ ಸೇರಿ ಚಿಮ್ಮುತ್ತದೆ, ಅದು ಗೀಸರ್. ದಾರಿ ಸಲೀಸಾಗಿದ್ದರೆ ಶಾಂತವಾಗಿ ಉಕ್ಕಿ ಹರಿಯುತ್ತದೆ, ಅದು ನಾವು ಈಗ ನೋಡುತ್ತಿರುವ ಬುಗ್ಗೆ.

ಜ್ವಾಲಾಮುಖಿ ಇಲ್ಲದ ನಮ್ಮ ನಾಡಿನಲ್ಲೂ ಬುಗ್ಗೆಗಳಿವೆ. ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು ತಾಲೂಕಿನ ಇರ್ದೆ ಗ್ರಾಮದಲ್ಲಿ, ಹೊಳೆಯ ದಡದಲ್ಲಿ, ಬೆಂದ್ರುತೀರ್ಥ ಎಂಬ ಜಾಗವಿದೆ. ತುಳುವಿನಲ್ಲಿ ಬೆಂದ್ರ್ ಎಂದರೆ ಬಿಸಿನೀರು. ಹೆಸರಿನಲ್ಲೇ ಭೂಗೋಳವಿದೆ ನೋಡಿ. ಗಂಧಕದ ವಾಸನೆಯ ಆ ಬೆಚ್ಚನೆಯ ನೀರು ಚರ್ಮದ ಕಾಯಿಲೆಗೆ ಒಳ್ಳೆಯದೆಂದು ನಂಬಿ ಜನ ಸ್ನಾನಕ್ಕೆ ಹೋಗುತ್ತಿದ್ದರು. ಹಿಮಾಚಲದ ಮಣಿಕರ್ಣದಲ್ಲಿ ನೀರು ಎಷ್ಟು ಬಿಸಿಯೆಂದರೆ ಗುರುದ್ವಾರದ ಲಂಗರಿನ ಅಕ್ಕಿ ಅದರಲ್ಲೇ ಬೇಯುತ್ತದೆ. ಅದೇ ಕಣಿವೆಯಲ್ಲಿ ಇನ್ನೂ ಮೇಲೆ ನಡೆದರೆ ಖೀರ್‌ಗಂಗಾದ ಬುಗ್ಗೆ ಸಿಗುತ್ತದೆ. ಆ ಹೆಸರಿನ ರಾಷ್ಟ್ರೀಯ ಉದ್ಯಾನವೂ ಅಲ್ಲಿದೆ. ಬಿಹಾರದ ರಾಜಗೀರಿನ ಬಿಸಿನೀರಿನ ಬುಗ್ಗೆಗಳು ಇನ್ನೊಂದು ಕಾರಣಕ್ಕೆ ನೋಡುವಂಥವು. ಒಂದೇ ಊರಿನಲ್ಲಿ ಹಿಂದೂಗಳು ಸ್ನಾನ ಮಾಡುವ ಬ್ರಹ್ಮಕುಂಡವೂ ಇದೆ, ಹದಿನಾಲ್ಕನೆಯ ಶತಮಾನದ ಸೂಫಿ ಸಂತ ಮಖ್ದೂಮ್ ಶರಫುದ್ದೀನ್ ಯಹ್ಯಾ ಮನೇರಿಯವರ ನೆನಪಿನ ಮಖ್ದೂಮ್ ಕುಂಡವೂ ಇದೆ. ನೆಲದೊಳಗೆ ಕಾದ ನೀರು ಇಬ್ಬರಿಗೂ ಬಿಸಿಯಾಗಿಯೇ ಬರುತ್ತದೆ.

ನೀರು ಏಕೆ ಬಿಸಿ ಎಂಬುದು ತಿಳಿಯಿತು. ಅದು ಏಕೆ ಇಷ್ಟು ಬಣ್ಣ? ಬಣ್ಣದ ಕಲ್ಲಿದೆ, ಗಂಧಕವಿದೆ, ತುಕ್ಕಿದೆ ಎಂದು ಹೇಳಿ ಬಹಳ ಜನ ಸುಮ್ಮನಾಗುತ್ತಾರೆ. ಕೆಲವು ಬುಗ್ಗೆಗಳ ಮಟ್ಟಿಗೆ ಅದು ಸರಿ. ಆದರೆ ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್‌ನ ಹಳದಿ, ಕಿತ್ತಳೆ, ಕೆಂಪುಗಳು ಕಲ್ಲಲ್ಲ. ಅವು ಜೀವ. ಕೋಟಿ ಕೋಟಿ ಸೂಕ್ಷ್ಮಜೀವಿಗಳು ಒಂದರ ಮೇಲೊಂದು ಹರಡಿಕೊಂಡು ಚಾಪೆಯಂತೆ ಬೆಳೆದಿವೆ. ನಡುವಿನ ನೀಲಿ ಮಾತ್ರ ನೀರಿನದು. ಶುದ್ಧವಾದ, ಆಳವಾದ ನೀರು ಬೆಳಕಿನ ಕೆಂಪು ಭಾಗವನ್ನು ಹೀರಿಕೊಂಡು ನೀಲಿಯನ್ನು ಚದುರಿಸುತ್ತದೆ. ಅಲ್ಲಿ ಬಿಸಿ ವಿಪರೀತ; ಬಿಸಿಲಿನಿಂದ ಆಹಾರ ತಯಾರಿಸುವ ಯಾವ ಜೀವಿಯೂ ಅಲ್ಲಿ ಬದುಕದು. ನೀರು ದಡದ ಕಡೆಗೆ ಹರಿಯುತ್ತಾ ಆರುತ್ತದೆ. ಸುಮಾರು 74 ಡಿಗ್ರಿಗೆ ಇಳಿದಾಗ ಒಂದು ಬಗೆಯ ಬ್ಯಾಕ್ಟೀರಿಯ ನೆಲೆಸುತ್ತದೆ, ಅದು ಹಳದಿ. 65 ಡಿಗ್ರಿಯ ಹೊತ್ತಿಗೆ ಬೇರೆಯವು ಸೇರಿಕೊಳ್ಳುತ್ತವೆ, ಕಿತ್ತಳೆ. 55ಕ್ಕೆ ಬಂದಾಗ ಇನ್ನೂ ಹೆಚ್ಚು ಬಗೆಯವು, ಕೆಂಪು ಮತ್ತು ಕಂದು. ಅಂದರೆ ಆ ಬಣ್ಣಗಳ ಪಟ್ಟಿಗಳು ಪ್ರಕೃತಿ ಇಟ್ಟ ಒಂದು ಥರ್ಮಾಮೀಟರು. ಬಣ್ಣ ನೋಡಿಯೇ ನೀರಿನ ಬಿಸಿಯನ್ನು ಅಂದಾಜು ಮಾಡಬಹುದು.

ಇನ್ನೊಂದು ಸಂಗತಿಯಿದೆ. ಈ ಜೀವಿಗಳಲ್ಲಿ ಎಲೆಯಲ್ಲಿರುವಂಥ ಹಸಿರು ವರ್ಣಕವಾದ ಪತ್ರಹರಿತ್ತೂ ಇದೆ, ಗಜ್ಜರಿಗೆ ಬಣ್ಣ ಕೊಡುವ ಕ್ಯಾರೊಟಿನಾಯ್ಡ್ ವರ್ಗದ ವರ್ಣಕಗಳೂ ಇವೆ. ಬೇಸಿಗೆಯ ಬಿರುಬಿಸಿಲಿನಲ್ಲಿ ಅವು ಕ್ಯಾರೊಟಿನಾಯ್ಡನ್ನು ಹೆಚ್ಚಾಗಿ ತಯಾರಿಸಿಕೊಂಡು ಬಿಸಿಲಿನ ಹೊಡೆತದಿಂದ ತಮ್ಮನ್ನು ಕಾಪಾಡಿಕೊಳ್ಳುತ್ತವೆ. ನಾವು ಕೊಡೆ ಹಿಡಿದಂತೆ. ಆದ್ದರಿಂದ ಬೇಸಿಗೆಯಲ್ಲಿ ಹೋದವರಿಗೆ ಬುಗ್ಗೆಯ ಅಂಚು ಹೆಚ್ಚು ಕಿತ್ತಳೆಯಾಗಿ ಕಾಣುತ್ತದೆ, ಚಳಿಗಾಲದಲ್ಲಿ ಹಸಿರು ಮುಂದಾಗುತ್ತದೆ.

ಈಗ ನಮ್ಮ ಕಥೆಯ ಮುಖ್ಯ ವ್ಯಕ್ತಿ ಬರುತ್ತಾರೆ. ಅವರ ಹೆಸರು ಥಾಮಸ್ ಬ್ರಾಕ್. 1926ರಲ್ಲಿ ಹುಟ್ಟಿದವರು. ಹದಿಹರೆಯದಲ್ಲೇ ತಂದೆ ತೀರಿಕೊಂಡರು, ಮನೆಗೆ ಬಡತನ ಬಂತು. ಹುಡುಗ ಸಣ್ಣಪುಟ್ಟ ಕೆಲಸ ಮಾಡಿದ, ನೌಕಾಪಡೆಗೆ ಸೇರಿದ. ಎರಡನೆಯ ಮಹಾಯುದ್ಧದ ನಂತರ ಸೈನಿಕರಾಗಿದ್ದವರ ಓದಿಗೆ ಅಲ್ಲಿನ ಸರ್ಕಾರ ನೆರವು ಕೊಡುತ್ತಿತ್ತು. ಆ ನೆರವಿನಿಂದ ಕಾಲೇಜು ಮೆಟ್ಟಿಲು ಹತ್ತಿದ. ವಿದ್ಯಾರ್ಥಿವೇತನ ಹಂಚುವ ನಮ್ಮ ಸಂಘದ ಹಿರಿಯರು ಈ ಮಾತನ್ನು ನೆನಪಿಟ್ಟುಕೊಳ್ಳಬೇಕು. ಮತ್ತೆ ಇಲ್ಲಿಗೆ ಬರುತ್ತೇನೆ.

1964ರಲ್ಲಿ ಬ್ರಾಕ್ ಎಲ್ಲರಂತೆ ಪ್ರವಾಸಿಯಾಗಿ ಯೆಲ್ಲೋಸ್ಟೋನಿಗೆ ಹೋದರು. ಲಕ್ಷಾಂತರ ಜನ ನೋಡಿ ಹೋದ ಬಣ್ಣವನ್ನೇ ಅವರೂ ನೋಡಿದರು. ಆದರೆ ಅವರು ಸೂಕ್ಷ್ಮಜೀವಿ ವಿಜ್ಞಾನಿ. ಇಷ್ಟು ಬಿಸಿಯಲ್ಲಿ ಬದುಕುತ್ತಿರುವುದು ಯಾವುದು, ಎಷ್ಟು ಬಿಸಿಯವರೆಗೆ ಜೀವ ಬದುಕಬಲ್ಲದು ಎಂಬ ಪ್ರಶ್ನೆ ಅವರಲ್ಲಿ ಹುಟ್ಟಿತು. ಆ ಪ್ರಶ್ನೆಯ ಹಿಂದೆ ಯಾವ ಕಂಪೆನಿಯೂ ಇರಲಿಲ್ಲ, ಯಾವ ಔಷಧಿಯ ಯೋಚನೆಯೂ ಇರಲಿಲ್ಲ. ತಿಳಿದುಕೊಳ್ಳಬೇಕು ಎಂಬ ಆಸೆ ಮಾತ್ರ. ಮರುವರ್ಷದಿಂದ ಅಲ್ಲಿ ಸಂಶೋಧನೆ ಶುರುಮಾಡಿದರು. 1966ರಲ್ಲಿ ಅವರ ಜೊತೆ ಕೆಲಸಕ್ಕೆ ನಿಂತವನು ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಪದವಿ ಓದುತ್ತಿದ್ದ ಹಡ್ಸನ್ ಫ್ರೀಜ್ ಎಂಬ ಹುಡುಗ. ಹೆಸರು ನೋಡಿ! ಫ್ರೀಜ್ ಎಂದರೆ ಹೆಪ್ಪುಗಟ್ಟು. ಆದರೆ ಅವನು ಹುಡುಕಿದ್ದು ಕುದಿನೀರಿನ ಜೀವಿಯನ್ನು.

ಬಿಸಿಯಲ್ಲಿ ಬೆಳೆಯುವ ಬ್ಯಾಕ್ಟೀರಿಯಗಳನ್ನು ಹುಡುಕುವವರು ಅದುವರೆಗೆ ಪ್ರಯೋಗಾಲಯದ ಪೆಟ್ಟಿಗೆಯನ್ನು ಸಾಮಾನ್ಯವಾಗಿ 55 ಡಿಗ್ರಿಗೆ ಇಡುತ್ತಿದ್ದರು. ಅದು ವಾಡಿಕೆ. ಬ್ರಾಕ್ ಮತ್ತು ಫ್ರೀಜ್ ಅದನ್ನು 70, 75 ಡಿಗ್ರಿಗೆ ಏರಿಸಿದರು. ಮಶ್ರೂಮ್ ಸ್ಪ್ರಿಂಗ್ ಎಂಬ ಬುಗ್ಗೆಯಿಂದ ತಂದ ಮಾದರಿಯಲ್ಲಿ ಯಾರೂ ಹೆಸರಿಡದ ಒಂದು ಬ್ಯಾಕ್ಟೀರಿಯ ಬೆಳೆಯಿತು. ಅದಕ್ಕೆ ಥರ್ಮಸ್ ಅಕ್ವಾಟಿಕಸ್ ಎಂದು ಹೆಸರಿಟ್ಟು 1969ರಲ್ಲಿ ಪ್ರಬಂಧ ಪ್ರಕಟಿಸಿದರು. ಅದರಿಂದ ಹಣ ಮಾಡುವ ಯೋಚನೆ ಮಾಡದೆ, ಯಾವ ವಿಜ್ಞಾನಿಯಾದರೂ ಪಡೆಯಬಹುದಾದ ಸಂಗ್ರಹಾಲಯದಲ್ಲಿ ಆ ಜೀವಿಯನ್ನು ಇಟ್ಟರು. ಅಂದು ಯಾರಾದರೂ "ಇದರಿಂದ ಏನು ಪ್ರಯೋಜನ?" ಎಂದು ಕೇಳಿದ್ದರೆ ಬ್ರಾಕ್ ಬಳಿ ತೋರಿಸಲು ಏನೂ ಇರಲಿಲ್ಲ.

ಪ್ರಯೋಜನ ಬರಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು. 1976ರಲ್ಲಿ ಸಿನ್ಸಿನ್ನಾಟಿ ವಿಶ್ವವಿದ್ಯಾಲಯದ ಆಲಿಸ್ ಚಿಯನ್ ಎಂಬ ಯುವತಿ ಮತ್ತು ಆಕೆಯ ಸಹೋದ್ಯೋಗಿಗಳು ಈ ಬ್ಯಾಕ್ಟೀರಿಯದಿಂದ ಒಂದು ಕಿಣ್ವವನ್ನು ಬೇರ್ಪಡಿಸಿದರು. ಕಿಣ್ವ ಎಂದರೆ ಜೀವಕೋಶದೊಳಗೆ ಕೆಲಸ ಮಾಡಿಸುವ ರಾಸಾಯನಿಕ. ಈ ಕಿಣ್ವದ ಕೆಲಸ ಡಿ.ಎನ್.ಎ.ಯನ್ನು ನಕಲು ಮಾಡುವುದು. ಟ್ಯಾಕ್ ಎಂಬುದು ಅದರ ಅಡ್ಡಹೆಸರು. ಸಾಮಾನ್ಯ ಕಿಣ್ವಗಳನ್ನು ಕಾಯಿಸಿದರೆ ಬೆಂದ ಮೊಟ್ಟೆಯ ಬಿಳಿಭಾಗದಂತೆ ಕೆಟ್ಟುಹೋಗುತ್ತವೆ. ಬುಗ್ಗೆಯ ನೀರಿನಲ್ಲೇ ಹುಟ್ಟಿ ಬೆಳೆದ ಟ್ಯಾಕ್ ಮಾತ್ರ ಕೆಡುವುದಿಲ್ಲ.

1983ರಲ್ಲಿ ಕ್ಯಾರಿ ಮುಲ್ಲಿಸ್ ಎಂಬ ಅಮೆರಿಕದ ರಸಾಯನ ವಿಜ್ಞಾನಿ ಡಿ.ಎನ್.ಎ.ಯ ಚೂರೊಂದನ್ನು ಬೇಕಾದಷ್ಟು ಪ್ರತಿ ಮಾಡುವ ಉಪಾಯ ಕಂಡುಹಿಡಿದರು. ಅದೇ ಪಿ.ಸಿ.ಆರ್. ಕ್ರಮ ಸರಳ. ಡಿ.ಎನ್.ಎ.ಯನ್ನು ಸುಮಾರು 95 ಡಿಗ್ರಿಗೆ ಕಾಯಿಸಿದರೆ ಅದರ ಎರಡು ಎಳೆಗಳು ಬಿಚ್ಚಿಕೊಳ್ಳುತ್ತವೆ. ಸ್ವಲ್ಪ ಆರಿಸಿದರೆ ಕಿಣ್ವವು ಪ್ರತಿಯೊಂದು ಎಳೆಗೂ ಜೊತೆ ಎಳೆಯನ್ನು ಹೊಸೆಯುತ್ತದೆ. ಒಂದು ಎರಡಾಯಿತು. ಮತ್ತೆ ಕಾಯಿಸಿ, ಮತ್ತೆ ಆರಿಸಿ: ಎರಡು ನಾಲ್ಕು, ನಾಲ್ಕು ಎಂಟು. ಗಣಿತದ ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಿ. ಹೀಗೆ 30 ಸಲ ಮಾಡಿದರೆ ಒಂದು ಚೂರು 107 ಕೋಟಿ ಪ್ರತಿಗಳಾಗುತ್ತದೆ. ತೊಂದರೆ ಏನಿತ್ತೆಂದರೆ, ಪ್ರತಿ ಸಲ ಕಾಯಿಸಿದಾಗಲೂ ಹಳೆಯ ಕಿಣ್ವ ಕೆಟ್ಟು, ಹೊಸದನ್ನು ಕೈಯಿಂದ ಸೇರಿಸಬೇಕಾಗಿತ್ತು. ಟ್ಯಾಕ್ ಬಂದ ಮೇಲೆ ಒಮ್ಮೆ ಹಾಕಿದರೆ ಮುಗಿಯಿತು, ಉಳಿದದ್ದನ್ನು ಯಂತ್ರವೇ ಮಾಡಿತು. ಮುಲ್ಲಿಸ್ ಅವರಿಗೆ 1993ರಲ್ಲಿ ನೊಬೆಲ್ ಪ್ರಶಸ್ತಿ ಸಿಕ್ಕಿತು.

ಪಿ.ಸಿ.ಆರ್. ಎಂಬ ಮೂರು ಅಕ್ಷರಗಳನ್ನು ಎಲ್ಲಿ ಕೇಳಿದ್ದೇವೆ ಎಂದು ತಾಯಂದಿರು ಯೋಚಿಸುತ್ತಿರಬಹುದು. 2020ನೇ ಇಸವಿಯನ್ನು ನೆನೆಸಿಕೊಳ್ಳಿ. ಕೊರೊನಾ ಕಾಲದಲ್ಲಿ ಮೂಗಿನೊಳಗೆ ಕಡ್ಡಿ ಹಾಕಿ ಮಾದರಿ ತೆಗೆದು ಆರ್.ಟಿ.-ಪಿ.ಸಿ.ಆರ್. ಪರೀಕ್ಷೆಗೆ ಕಳಿಸುತ್ತಿದ್ದರಲ್ಲ, ಅದೇ ಇದು. ಕಣ್ಣಿಗೆ ಕಾಣದ ವೈರಾಣುವಿನ ಗುರುತನ್ನು ಮೊದಲು ಡಿ.ಎನ್.ಎ.ಗೆ ಬದಲಿಸಿ, ಅದನ್ನು ಕೋಟಿ ಪಾಲು ಹೆಚ್ಚಿಸಿ, "ಇದೆ" ಅಥವಾ "ಇಲ್ಲ" ಎಂದು ಹೇಳುವ ಪರೀಕ್ಷೆ. ಅದರ ಹಿಂದೆ ಕೆಲಸ ಮಾಡಿದ್ದು ಟ್ಯಾಕ್ ಮತ್ತು ಅದರ ಬಳಗದ ಕಿಣ್ವಗಳು. ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಷಯರೋಗ ಪತ್ತೆಹಚ್ಚುವ ಸಿ.ಬಿ.ನ್ಯಾಟ್ ಯಂತ್ರ ನಡೆಯುವುದೂ ಇದೇ ತತ್ವದ ಮೇಲೆ. ಅಪರಾಧಿಯ ಪತ್ತೆಗೂ, ವಂಶವಾಹಿ ಕಾಯಿಲೆಗಳ ತಪಾಸಣೆಗೂ ಇದೇ ಆಧಾರ. 2021ರ ಏಪ್ರಿಲಿನಲ್ಲಿ, ಜಗತ್ತಿನಾದ್ಯಂತ ಈ ಪರೀಕ್ಷೆ ನಡೆಯುತ್ತಿದ್ದ ದಿನಗಳಲ್ಲೇ, ಬ್ರಾಕ್ ತಮ್ಮ 94ನೇ ವಯಸ್ಸಿನಲ್ಲಿ ತೀರಿಕೊಂಡರು. ಬಣ್ಣದ ನೀರಿನ ಮುಂದೆ ನಿಂತು ಅವರು ಕೇಳಿದ ಪ್ರಶ್ನೆ ಅಷ್ಟರೊಳಗೆ ನಮ್ಮ ನಿಮ್ಮ ಮನೆಯ ಬಾಗಿಲಿಗೂ ಬಂದಿತ್ತು.

ವಿದ್ಯಾರ್ಥಿ ಮಿತ್ರರೇ, ಈ ಕಥೆಯಲ್ಲಿ ಇನ್ನೊಂದು ಪಾಠವೂ ಇದೆ. ಬ್ರಾಕ್ ಹೋಗುವ ಹೊತ್ತಿಗೆ ಆ ಬುಗ್ಗೆ ಅಲ್ಲಿ ಉಳಿದಿದ್ದರಿಂದಲೇ ಪ್ರಶ್ನೆ ಹುಟ್ಟಿತು. 1872ರಲ್ಲಿ ಆ ಪ್ರದೇಶವನ್ನು ಕಾಪಾಡಲು ಹೊರಟವರಿಗೆ ಬ್ಯಾಕ್ಟೀರಿಯದ ಕಿಣ್ವದ ಬಗ್ಗೆ ಏನೂ ಗೊತ್ತಿರಲಿಲ್ಲ. ಸುಂದರವಾಗಿದೆ, ಎಲ್ಲರಿಗೂ ಸೇರಬೇಕು ಎಂದಷ್ಟೇ ಕಾಪಾಡಿದರು. ಕಾಪಾಡದಿದ್ದರೆ ಏನಾಗುತ್ತದೆ ಎಂಬುದಕ್ಕೂ ಅದೇ ಉದ್ಯಾನದಲ್ಲಿ ಉದಾಹರಣೆ ಇದೆ. ಮಾರ್ನಿಂಗ್ ಗ್ಲೋರಿ ಎಂಬ ಸಣ್ಣ ಬುಗ್ಗೆ ಒಂದು ಕಾಲದಲ್ಲಿ ಅದೇ ಹೆಸರಿನ ಹೂವಿನಂತೆ ನೀಲಿಯಾಗಿತ್ತು. ಪ್ರವಾಸಿಗರು ಹರಕೆಯ ಬಾವಿಗೆ ಹಾಕಿದಂತೆ ಅದಕ್ಕೆ ನಾಣ್ಯ ಹಾಕಿದರು, ಕಸ ಎಸೆದರು. 1950ರಲ್ಲಿ ನೀರನ್ನು ಉಕ್ಕಿಸಿ ಸ್ವಚ್ಛಮಾಡಿದಾಗ ರಾಶಿ ನಾಣ್ಯಗಳ ಜೊತೆಗೆ ಕರವಸ್ತ್ರ, ಟವೆಲುಗಳೂ ಸಿಕ್ಕವು. ಬಿಸಿನೀರು ಬರುವ ಬಾಯಿ ಮುಚ್ಚುತ್ತಾ ಹೋದಂತೆ ನೀರು ತಣ್ಣಗಾಯಿತು, ತಣ್ಣಗಾದಂತೆ ಅಂಚಿನ ಹಳದಿ, ಕಿತ್ತಳೆ ಬಣ್ಣದ ಜೀವಿಗಳು ಒಳಗೆ ನುಗ್ಗಿದವು, ನೀಲಿ ಕರಗಿತು. ಇಂದು ಅದನ್ನು ನೋಡಿದವರು ಎಷ್ಟು ಬಣ್ಣ ಎಂದು ಫೋಟೊ ತೆಗೆಯುತ್ತಾರೆ. ಆ ಬಣ್ಣ ನಮ್ಮ ಕೈಯ ಕಸದಿಂದ ಬಂದದ್ದು. 2014ರಲ್ಲಿ ಒಬ್ಬ ಪ್ರವಾಸಿಯ ಡ್ರೋನ್ ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್ ಒಳಗೇ ಬಿದ್ದು, ಅವನಿಗೆ ದಂಡ ಬಿತ್ತು.

ದೂರದವರ ಮಾತು ಹಾಗಿರಲಿ. ಬೆಂದ್ರುತೀರ್ಥದ ಸುತ್ತ ಕೊಳವೆ ಬಾವಿಗಳು ಹೆಚ್ಚಿ ಒರತೆ ಕುಗ್ಗುತ್ತಿದೆ ಎಂಬ ದೂರು ಪತ್ರಿಕೆಗಳಲ್ಲಿ ಬಂದಿದೆ. ಅಲ್ಲಿಯ ಬೆಚ್ಚನೆಯ ನೀರಿನಲ್ಲೂ ತನ್ನದೇ ಆದ ಸೂಕ್ಷ್ಮಜೀವಿಗಳಿರಬಹುದು. ಹುಡುಕುವವರು ಬರುವ ಮೊದಲೇ ನೀರು ಬತ್ತಿದರೆ ಆ ಪುಟವನ್ನು ಓದುವ ಮೊದಲೇ ಹರಿದಂತೆ. ನಮ್ಮ ಪಕ್ಕದ ಬೆಳ್ಳಂದೂರು ಕೆರೆಯಲ್ಲಿ ನೊರೆ ಎದ್ದು ರಸ್ತೆಗೆ ಹಾರಿದ್ದನ್ನು, 2017ರ ಫೆಬ್ರವರಿಯಲ್ಲಿ ಕೆರೆಯಂಗಳಕ್ಕೆ ಬೆಂಕಿ ಬಿದ್ದದ್ದನ್ನು ನೀವೇ ಕಂಡಿದ್ದೀರಿ. ನಮ್ಮ ಆನೇಕಲ್ ತಾಲೂಕಿಗೆ ಹೊಂದಿಕೊಂಡಂತೆ ಬನ್ನೇರುಘಟ್ಟ ಎಂಬ ರಾಷ್ಟ್ರೀಯ ಉದ್ಯಾನವಿದೆ. 1974ರಲ್ಲಿ ಅದಕ್ಕೆ ಆ ಮನ್ನಣೆ ಬಂತು. ಅಲ್ಲಿ ಬಿಸಿನೀರಿನ ಬುಗ್ಗೆಯಿಲ್ಲ, ನಿಜ. ಆದರೆ ಕೊಳೆಯುತ್ತಿರುವ ಎಲೆಯ ಕೆಳಗೆ, ಕಲ್ಲಿನ ಮೇಲಿನ ಹಾವಸೆಯಲ್ಲಿ ಏನಿದೆ ಎಂದು ಕೇಳಿದವರೆಷ್ಟು ಜನ? ಹುಲಿ ನೋಡಿ, ಐಸ್‌ಕ್ರೀಮ್ ತಿಂದು ಮನೆಗೆ ಬರುತ್ತೇವೆ. ಮುಂದಿನ ಸಲ ಹೋದಾಗ ಕವರು, ಬಾಟಲಿ ಎಸೆಯದೆ ಬನ್ನಿ. ಜೊತೆಗೆ ಒಂದು ಪ್ರಶ್ನೆಯನ್ನಾದರೂ ತನ್ನಿ.

ಈಗ ಪೋಷಕರಿಗೆ ಎರಡು ಮಾತು. ನಿಮ್ಮ ಮಗಳು ಬಿ.ಎಸ್ಸಿ. ಓದುತ್ತೇನೆ, ಜೀವಶಾಸ್ತ್ರ ಇಷ್ಟ, ಸಂಶೋಧನೆ ಮಾಡುತ್ತೇನೆ ಎಂದರೆ ತಕ್ಷಣ ಬೇಡ ಎನ್ನಬೇಡಿ. ದಾರಿಗಳಿವೆ, ಅವೂ ಮನೆಯ ಹತ್ತಿರವೇ ಇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2011ರಿಂದ ಪಿ.ಯು.ಸಿ. ಮುಗಿಸಿದವರಿಗೇ ನಾಲ್ಕು ವರ್ಷದ ವಿಜ್ಞಾನ ಪದವಿ ಇದೆ. ದೇಶದಲ್ಲಿ ಪುಣೆ, ತಿರುಪತಿ, ತಿರುವನಂತಪುರ ಸೇರಿದಂತೆ ಏಳು ಕಡೆ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನೆಗೆಂದೇ ಕೇಂದ್ರ ಸರ್ಕಾರದ ಐಸರ್ ಸಂಸ್ಥೆಗಳಿವೆ. ನಮ್ಮ ಸರ್ಜಾಪುರ ಹೋಬಳಿಯ ಬುರುಗುಂಟೆಯಲ್ಲೇ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವಿದೆ, ಅಲ್ಲಿ ಜೀವವಿಜ್ಞಾನವನ್ನೂ ಕಲಿಸುತ್ತಾರೆ. ಉದ್ಯೋಗದ ಮಾತೇ ಬೇಕಿದ್ದರೆ ಅದಕ್ಕೂ ಉದಾಹರಣೆ ದೂರವಿಲ್ಲ. ಬೊಮ್ಮಸಂದ್ರ, ಎಲೆಕ್ಟ್ರಾನಿಕ್ ಸಿಟಿಯ ಕಡೆ ಹೋದಾಗ ಕಾಣುವ ಬಯೋಕಾನ್ ಕಂಪೆನಿ 1978ರಲ್ಲಿ ಶುರುವಾದದ್ದು ಸಾಫ್ಟ್‌ವೇರಿನಿಂದಲ್ಲ, ಕಿಣ್ವಗಳಿಂದ. ಪಪ್ಪಾಯಿಯಿಂದ ತೆಗೆಯುವ ಪಪೈನ್ ಎಂಬ ಕಿಣ್ವ ಅದರ ಮೊದಲ ಉತ್ಪನ್ನಗಳಲ್ಲೊಂದು. ಹಾಗೆಂದು ಎಲ್ಲರೂ ಎಂಜಿನಿಯರಿಂಗ್ ಬಿಡಿ ಎನ್ನುತ್ತಿಲ್ಲ. ಪಿ.ಸಿ.ಆರ್. ಯಂತ್ರ ಕಟ್ಟಿದವರೂ ಎಂಜಿನಿಯರುಗಳೇ. ಬುಗ್ಗೆಯ ಮುಂದೆ ನಿಂತು ಕೇಳುವವನು ಒಬ್ಬನಾದರೂ ಬೇಕು ಎನ್ನುತ್ತಿದ್ದೇನೆ, ಅವನು ನಮ್ಮ ಮನೆಯವನಾದರೆ ನಷ್ಟವಿಲ್ಲ ಎನ್ನುತ್ತಿದ್ದೇನೆ.

ಸಂಘದ ಹಿರಿಯರಲ್ಲಿ ಒಂದು ವಿನಂತಿ. ವಿದ್ಯಾರ್ಥಿವೇತನದ ಅರ್ಜಿಗಳನ್ನು ನೋಡುವಾಗ ಮೂಲ ವಿಜ್ಞಾನ ಓದಲು ಬಯಸುವ ಮಕ್ಕಳಿಗಾಗಿ ಪ್ರತಿ ವರ್ಷ ಎರಡು ಸ್ಥಾನಗಳನ್ನಾದರೂ ಮೀಸಲಿಡಿ. ತಂದೆಯಿಲ್ಲದ ಹುಡುಗನೊಬ್ಬನಿಗೆ ಸಿಕ್ಕ ಕಾಲೇಜು ಫೀಜು ಮುಂದೆ ಎಲ್ಲಿಯವರೆಗೆ ಹೋಯಿತು ಎಂಬುದನ್ನು ಈಗಷ್ಟೇ ಕೇಳಿದಿರಿ. ಅಂದು ಆ ಹಣ ಮಂಜೂರು ಮಾಡಿದ ಗುಮಾಸ್ತನಿಗೆ ಇದೆಲ್ಲ ಗೊತ್ತಿರಲು ಸಾಧ್ಯವೇ ಇರಲಿಲ್ಲ. ನಿಮಗೂ ಗೊತ್ತಾಗುವುದಿಲ್ಲ. ಗೊತ್ತಿಲ್ಲದೆಯೇ ಕೊಡಬೇಕು. 1991ರಲ್ಲಿ ಪಿ.ಸಿ.ಆರ್.ನ ಹಕ್ಕುಗಳು 30 ಕೋಟಿ ಡಾಲರಿಗೆ ಮಾರಾಟವಾದವು. ಅದರಲ್ಲಿ ಬ್ರಾಕ್‌ಗೂ ಪಾಲಿರಲಿಲ್ಲ, ಬುಗ್ಗೆಯನ್ನು ಕಾಪಾಡಿದ ಉದ್ಯಾನಕ್ಕೂ ಪಾಲಿರಲಿಲ್ಲ. ಆಮೇಲೆ ಉದ್ಯಾನದವರು ಎಚ್ಚೆತ್ತು, ಅಲ್ಲಿಯ ಸಂಶೋಧನೆಯಿಂದ ಲಾಭ ಬಂದರೆ ಉದ್ಯಾನಕ್ಕೂ ಪಾಲು ಸಿಗುವಂಥ ಒಪ್ಪಂದಗಳ ಕಡೆ ಗಮನ ಹರಿಸಿದರು. ಅದು ನ್ಯಾಯವೇ. ಆದರೆ ಬ್ರಾಕ್ ಕೊರಗಿನಲ್ಲಿ ಕೂರಲಿಲ್ಲ. ತಮ್ಮ ಕೆಲಸ ಮುಂದುವರಿಸಿದರು, ಪಠ್ಯಪುಸ್ತಕ ಬರೆದರು, ಮಕ್ಕಳಿಗೆ ಪಾಠ ಹೇಳಿದರು.

ಕೊನೆಯದಾಗಿ ಮಕ್ಕಳಿಗೆ. "ನಾವು ಯೆಲ್ಲೋಸ್ಟೋನಿಗೆ ಹೋಗುವುದು ಯಾವಾಗ, ಇಂಥದ್ದನ್ನು ಕಂಡುಹಿಡಿಯುವುದು ಯಾವಾಗ?" ಎಂದು ನೀವು ಅಂದುಕೊಳ್ಳಬಹುದು. ಬ್ರಾಕ್ ಮತ್ತು ಫ್ರೀಜ್ ತಮ್ಮ ಪ್ರಬಂಧದಲ್ಲಿ ಇನ್ನೊಂದು ಸಂಗತಿಯನ್ನೂ ಬರೆದಿದ್ದಾರೆ. ಆ ಬ್ಯಾಕ್ಟೀರಿಯ ಅವರಿಗೆ ಬುಗ್ಗೆಯಲ್ಲಷ್ಟೇ ಸಿಗಲಿಲ್ಲ. ನಲ್ಲಿಯಲ್ಲಿ ಬರುವ ಬಿಸಿನೀರಿನಲ್ಲೂ ಅದರ ಬಳಗದವು ಸಿಕ್ಕವು. ಎಷ್ಟೋ ಜನ ದಿನವೂ ಕೈ ತೊಳೆಯುವ ನಲ್ಲಿ! ನಿಮ್ಮ ಮನೆಯ ಮಾಳಿಗೆಯ ಮೇಲೂ ಸೋಲಾರ್ ಬಿಸಿನೀರಿನ ಟ್ಯಾಂಕು ಇದೆ. ಅದರೊಳಗೆ ಏನಿದೆ, ಎಷ್ಟು ಬಿಸಿಯಲ್ಲಿ ಬದುಕುತ್ತದೆ, ನಲ್ಲಿಯ ಬಾಯಿಗೆ ಅಂಟಿದ ಲೋಳೆ ಯಾವುದು? ನಿಮ್ಮ ಶಾಲೆಯ ಸೂಕ್ಷ್ಮದರ್ಶಕದ ಧೂಳು ಒರೆಸಿ, ಶಿಕ್ಷಕರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಒಂದು ಹನಿಯನ್ನು ನೋಡಿ. ಟ್ಯಾಂಕು ಬಿಚ್ಚುವ ಸಾಹಸ ಮಾತ್ರ ಬೇಡ. ಕಂಡದ್ದನ್ನು ತಾರೀಖು ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮುಂದಿನ ವರ್ಷದ ಸಮಾರಂಭಕ್ಕೆ ಆ ನೋಟ್‌ಬುಕ್ಕನ್ನು ತನ್ನಿ. ಅಂಕಪಟ್ಟಿಯ ಜೊತೆಗೆ ಅದನ್ನೂ ನೋಡಿ ಬಹುಮಾನ ಕೊಡಬೇಕೆಂದು ಅಧ್ಯಕ್ಷರಲ್ಲಿ ಈ ವೇದಿಕೆಯಿಂದಲೇ ಕೇಳಿಕೊಳ್ಳುತ್ತೇನೆ.